ಅಪ್ಪಾರ, ಒಂದೈದು ಎಣಸ್ರಿ: ಆಟಿಸಂ ಮಕ್ಕಳ ತಂದೆಯರಿಗೆ ಮನೆ ತರಬೇತಿ, ಒಂದು ವಿಮರ್ಶೆ

ಸಂಜೆ ಏಳೂವರೆಗೆ ಅಪ್ಪ ಮನೆಗೆ ಬರುತ್ತಾನೆ, ಕೈಕಾಲು ತೊಳೆದು ಪಡಸಾಲೆಯಲ್ಲಿ ಮಗನ ಮುಂದೆ ಕೂರುತ್ತಾನೆ. ಕೂತ ಕೂಡಲೇ ಪರೀಕ್ಷೆ ಶುರು. "ಇದ ಏನ ಹೇಳು? ಯಾವ ಬಣ್ಣ? ಆಕಳ ಹೆಂಗ ಒದರತೈತಿ? ಹೇಳ, ಹೇಳ ನೋಡೋಣ." ಮಗು ಮುಖ ತಿರುಗಿಸಿ ಫ್ಯಾನು ನೋಡುತ್ತದೆ. ಅಪ್ಪನ ದನಿ ಏರುತ್ತದೆ, ಮಗು ಎದ್ದು ಒಳಗೆ ಹೋಗುತ್ತದೆ. "ಇವಂಗ ನನ್ನ ಕೂಡ ಆಗಂಗಿಲ್ಲ, ಅವ್ವನ ಬೇಕು" ಎನ್ನುತ್ತ ಅಪ್ಪ ಮೊಬೈಲ್ ಕೈಗೆತ್ತಿಕೊಳ್ಳುತ್ತಾನೆ. ಆಟಿಸಂ (ಮಾತು, ಬೆರೆಯುವಿಕೆ, ನಡತೆ ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ) ಇರುವ ಮಕ್ಕಳ ತಂದೆಯರಿಗೆ ಯಾರು ಯಾವ ತರಬೇತಿ ಕೊಟ್ಟರೂ ಅದನ್ನು ಅಳೆಯಲು ನಮ್ಮ ಹತ್ತಿರ ಇರುವ ಅಳತೆಗೋಲು ಒಂದೇ: ಈ ಹತ್ತು ನಿಮಿಷ ಬದಲಾಗುತ್ತದೆಯೇ, ಇಲ್ಲವೇ.

ಇಲ್ಲಿ ನೋಡುತ್ತಿರುವುದು ವಿಶ್ವ ಆರೋಗ್ಯ ಸಂಸ್ಥೆಯ ‘ಕೇರ್‌ಗಿವರ್ ಸ್ಕಿಲ್ಸ್ ಟ್ರೈನಿಂಗ್’, ಅಂದರೆ ಪಾಲಕರ ಕೌಶಲ ತರಬೇತಿ. ಆಟಿಸಂ ಸ್ಪೀಕ್ಸ್ ಎಂಬ ಅಮೆರಿಕದ ಸಂಸ್ಥೆಯ ಜೊತೆಗೂಡಿ ರೂಪಿಸಿದ್ದು. 2022ರಲ್ಲಿ ಪೂರ್ತಿ ಸಾಮಗ್ರಿ ಎಲ್ಲರಿಗೂ ಮುಕ್ತವಾಯಿತು. ಆಟಿಸಂ ಮಾತ್ರವಲ್ಲ, ಬೆಳವಣಿಗೆಯಲ್ಲಿ ತಡವಾದ 2ರಿಂದ 9 ವರ್ಷದ ಯಾವ ಮಗುವಿನ ಮನೆಯವರಿಗೂ ಇದು ಹೊಂದುತ್ತದೆ. ಒಂಬತ್ತು ಗುಂಪು ತರಗತಿ, ಮೂರು ಮನೆ ಭೇಟಿ. ಭೇಟಿಗಳಲ್ಲಿ ಒಂದು ತರಗತಿ ಶುರುವಾಗುವ ಮುನ್ನ, ಒಂದು ನಡುವೆ, ಒಂದು ಎಲ್ಲ ಮುಗಿದ ಮೇಲೆ. ನಡೆಸುವವರು ಡಾಕ್ಟರೇ ಆಗಬೇಕೆಂದಿಲ್ಲ. ಸರಿಯಾಗಿ ತರಬೇತಾದ ನರ್ಸ್, ಶಿಕ್ಷಕಿ, ಸಮುದಾಯ ಕಾರ್ಯಕರ್ತರೂ ನಡೆಸಬಹುದು ಎಂಬುದೇ ಅದರ ಲೆಕ್ಕಾಚಾರ. ಗುಂಪು ಸಿಗದವರಿಗೆ ಉಚಿತ ಆನ್‌ಲೈನ್ ಪಾಠವಿದೆ. ಮೂಲ ಇಂಗ್ಲಿಷಿನದು, ಆದರೆ ಪರವಾನಗಿ ಸಡಿಲ: ಲಾಭಕ್ಕಲ್ಲದೆ ಯಾರು ಬೇಕಾದರೂ ತಮ್ಮ ಭಾಷೆಗೆ, ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು.

ತಂದೆಯರಿಗೆಂದೇ ಇದನ್ನು ಮಾಡಿಲ್ಲ. ‘ಪಾಲಕರು’ ಎಂದು ಕರೆದರೆ ನಮ್ಮ ಕಡೆ ಬರುವವರು ಅವ್ವಂದಿರೇ. ಆದ್ದರಿಂದ ಇದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು ನೋಡಬೇಕಾಗುತ್ತದೆ. ಫ್ಲೋರಿಡಾ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಜೆನಿಫರ್ ಎಲ್ಡರ್ ಮತ್ತು ಜೊತೆಯವರು ತಂದೆಯರಿಗೇ ಅವರ ಮನೆಯಲ್ಲೇ ತರಬೇತಿ ಕೊಟ್ಟು, 2005ರಲ್ಲೂ 2011ರಲ್ಲೂ ಫಲಿತಾಂಶ ಪ್ರಕಟಿಸಿದರು. ಅಪ್ಪ-ಮಗು ಆಡುವುದನ್ನು ವಿಡಿಯೊ ಮಾಡಿ, ಅದನ್ನೇ ಅಪ್ಪನಿಗೆ ತೋರಿಸಿ ತಿದ್ದುವುದು ಅವರ ಪದ್ಧತಿ. ಕಲಿತ ಅಪ್ಪ ಮುಂದೆ ಅವ್ವನಿಗೆ ಕಲಿಸಬೇಕು. ಅಧ್ಯಯನಗಳು ಸಣ್ಣವು; ಅವನ್ನು ತೋರಿಸಿ ದೊಡ್ಡ ಮಾತಾಡುವುದು ಬೇಡ. ಆದರೆ ಅವರು ಕಲಿಸಿದ್ದು ನಾಲ್ಕೇ ಕೌಶಲ, ನಾಲ್ಕೂ ಕೈಗೆಟುಕುವಂಥವು: ಮಗು ಹೋದ ದಾರಿಯಲ್ಲಿ ಹೋಗುವುದು, ಮಗು ಮಾಡಿದ್ದನ್ನೇ ಹುರುಪಿನಿಂದ ಮಾಡುವುದು, ಮಗು ಮಾಡುತ್ತಿರುವುದನ್ನು ಬಾಯಲ್ಲಿ ಹೇಳುವುದು, ಆಸೆಯಿಂದ ನೋಡುತ್ತ ಕಾಯುವುದು. ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಐದು ತರಗತಿಗಳ ತಿರುಳೂ ಹೆಚ್ಚುಕಡಿಮೆ ಇದೇ. ತಂದೆಯರಿಗೆ ಕಲಿಸುವಾಗ ಒಂಬತ್ತು ತರಗತಿಯ ಕಡತ ಬಿಚ್ಚುವ ಮೊದಲು ಈ ನಾಲ್ಕನ್ನು ಕೈಗಿಡುವುದು ವಾಸಿ.

ಮೊದಲನೆಯದು ಕೇಳಲು ಸುಲಭ, ಮಾಡಲು ಕಷ್ಟ. ಮನೆಯ ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಆಡುವ ಹುಡುಗನಿದ್ದಾನೆ ಎನ್ನಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಬಾಗಿಲು ಅವನ ತಲೆಯಲ್ಲಿ ಕೂತಿದೆ. ಅಪ್ಪನ ಸಹಜ ಕೆಲಸವೆಂದರೆ ಅವನನ್ನು ಎತ್ತಿ ತಂದು ಬ್ಲಾಕ್ಸ್ ಮುಂದೆ ಕೂರಿಸುವುದು. ತರಬೇತಿ ಹೇಳುವುದು ಉಲ್ಟಾ: ಬಾಗಿಲಿನ ಆಚೆ ಬದಿಗೆ ಹೋಗಿ ನೆಲಕ್ಕೆ ಕೂರಿ. ಅವನು ತೆಗೆದಾಗ ನಿಮ್ಮ ಮುಖ ಕಾಣಲಿ, "ಬಾಗಲಾ... ತೆಗೀತು!" ಎನ್ನಿ. ಮುಚ್ಚಿದಾಗ "ಬಾಗಲಾ... ಮುಚ್ಚಿತು!" ಅಷ್ಟೇ. ಹತ್ತನೇ ಸಲಕ್ಕೋ ಇಪ್ಪತ್ತನೇ ಸಲಕ್ಕೋ ಅವನು ತೆಗೆಯುವ ಮುನ್ನ ಒಂದು ಕ್ಷಣ ನಿಲ್ಲುತ್ತಾನೆ, ಆಚೆ ಯಾರಿದ್ದಾರೆ ಎಂದು ಇಣುಕುತ್ತಾನೆ. ಆ ಇಣುಕುವುದೇ ಅವತ್ತಿನ ಗಳಿಕೆ. ಬೆರಳು ಸಂದಿಗೆ ಸಿಗದಂತೆ ಬಾಗಿಲ ಮೇಲ್ಭಾಗಕ್ಕೆ ದಪ್ಪ ಟವೆಲ್ ಮಡಚಿ ಹಾಕಿರಬೇಕು, ಇದು ಪುಸ್ತಕದಲ್ಲಿ ಇರುವ ಮಾತಲ್ಲ.

ಕೂರುವ ಜಾಗದ ಬಗ್ಗೆ ಎರಡು ಮಾತು. ಅಪ್ಪನ ಕಣ್ಣು ಮಗುವಿನ ಕಣ್ಣಿನ ಮಟ್ಟಕ್ಕೆ ಇರಬೇಕು. ಪಕ್ಕಕ್ಕಲ್ಲ, ಎದುರಿಗೆ. ಮಗು ಬೋರಲು ಮಲಗಿ ಕಾರಿನ ಚಕ್ರ ನೋಡುತ್ತಿದ್ದರೆ ಅಪ್ಪನೂ ಬೋರಲು ಮಲಗಬೇಕು. ಮೊಣಕಾಲು ನೋವಿದ್ದರೆ ಅಪ್ಪ ನೆಲಕ್ಕೆ, ಮಗು ಹಾಸಿಗೆಯ ಸುರುಳಿಯ ಮೇಲೆ. ಟಿವಿ ಬಂದ್. ಆಟಿಕೆ ಮೂರೋ ನಾಲ್ಕೋ ಸಾಕು, ಉಳಿದದ್ದು ಅಟ್ಟದ ಮೇಲೆ. ನಲವತ್ತು ಆಟಿಕೆ ಹರಡಿದ ಕೋಣೆಯಲ್ಲಿ ಮಗು ಯಾವುದಕ್ಕೂ ನಿಲ್ಲುವುದಿಲ್ಲ, "ಇವನ ಕೈ ಕಾಲು ಒಂದ ಕಡೆ ನಿಲ್ಲಂಗಿಲ್ಲ" ಎಂಬ ಆರೋಪ ಬೇರೆ.

ಎರಡನೆಯದಕ್ಕೆ ಎಲ್ಲ ಸಾಮಾನೂ ಜೋಡಿಯಾಗಿರಬೇಕು. ಎರಡು ಸ್ಟೀಲ್ ವಾಟಗ, ಎರಡು ಚಮಚ, ಎರಡು ಕಾರು. ಮಗು ಚಮಚದಿಂದ ವಾಟಗ ಬಡಿದರೆ ಅಪ್ಪ ತನ್ನ ಚಮಚದಿಂದ ತನ್ನ ವಾಟಗ ಬಡಿಯಬೇಕು. ಮಗುವಿನ ಕೈಯಲ್ಲಿದ್ದುದನ್ನು ಕಸಿದು "ಹಿಂಗ ಆಡೂದು" ಎಂದು ತೋರಿಸಿದರೆ ಆಟ ಅಲ್ಲಿಗೇ ಮುಗಿಯಿತು. ಮಗು ಮಾಡುವ ಸದ್ದನ್ನೂ ಹಾಗೇ ಮಾಡಬಹುದು. ಹೊಡೆಯುವುದು, ಕಚ್ಚುವುದು, ಉಗುಳುವುದು, ತಲೆ ಚಚ್ಚಿಕೊಳ್ಳುವುದನ್ನು ಮಾತ್ರ ಅನುಕರಿಸಬಾರದು. ಅಪ್ಪಂದಿರು ಈ ಭಾಗಕ್ಕೆ ನಾಚುತ್ತಾರೆ, ಅದರಲ್ಲೂ ಮನೆಯಲ್ಲಿ ಅಜ್ಜ ಕೂತಿದ್ದರೆ. ಮೊದಲ ವಾರ ಒಳಕೋಣೆಯಲ್ಲಿ ಮಾಡಲಿ, ನಾಚಿಕೆ ತಾನೇ ಹೋಗುತ್ತದೆ.

ಮೂರನೆಯದರಲ್ಲಿ ಪ್ರಶ್ನೆಗೆ ಜಾಗವಿಲ್ಲ. "ಏನ ಮಾಡಾಕತ್ತಿ?" ಎಂದು ಕೇಳುವ ಬದಲು ಮಾಡುತ್ತಿರುವುದನ್ನೇ ಹೇಳಬೇಕು: "ಕಾರ... ಓಡಿತು." ಎಷ್ಟು ಶಬ್ದ ಹೇಳಬೇಕು ಎಂಬುದಕ್ಕೆ ಲೆಕ್ಕವಿದೆ. ಮಾತೇ ಬಾರದ ಮಗುವಿಗೆ ಒಂದು ಶಬ್ದ. ಒಂದು ಶಬ್ದ ಬರುವ ಮಗುವಿಗೆ ಎರಡು. ಮಗು "ನೀರ" ಎಂದರೆ ಅಪ್ಪ "ತಣ್ಣಗ ನೀರ" ಎನ್ನಲಿ, ಪೂರ್ತಿ ವಾಕ್ಯ ಕಟ್ಟಿಸುವುದು ಬೇಡ. ಶಬ್ದ ಮನೆಯ ಶಬ್ದವೇ ಆಗಿರಲಿ. ಮನೆಯಲ್ಲಿ ಕನ್ನಡ, ಅಜ್ಜಿಯ ಜೊತೆ ಮರಾಠಿ ಅಥವಾ ಉರ್ದು, ಅದರ ಮೇಲೆ "ಇಂಗ್ಲಿಷ್ ಒಂದ ಭಾಷೆ ಇಡ್ರಿ, ಇಲ್ಲಂದ್ರ ಹುಡುಗ ಗೊಂದಲ ಆಕ್ಕಾನ" ಎಂಬ ಪುಕ್ಕಟೆ ಸಲಹೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಧಾರಾಳ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುತ್ತದೆ ಎಂಬುದಕ್ಕೆ ಸಂಶೋಧನೆಯ ಬೆಂಬಲವಿಲ್ಲ. ಅಪ್ಪನ ಬಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲೇ ಅಪ್ಪ ಮಾತಾಡಲಿ.

ನಾಲ್ಕನೆಯದು ಕಾಯುವುದು. ಇಡೀ ತರಬೇತಿಯಲ್ಲಿ ನಾವು ಒಂದೇ ಒಂದನ್ನು ಉಳಿಸಿಕೊಳ್ಳಬೇಕೆಂದರೆ ಇದನ್ನೇ ಉಳಿಸಿಕೊಳ್ಳುತ್ತೇವೆ. ಚುರುಮುರಿ ಡಬ್ಬಿ ತೆಗೆದುಕೊಳ್ಳಿ, ಮುಚ್ಚಳ ಬಿಗಿಯಾದದ್ದು. ಪಾರದರ್ಶಕ ಪ್ಲಾಸ್ಟಿಕ್ ಆದರೆ ಇನ್ನೂ ಒಳ್ಳೆಯದು, ಒಳಗಿರುವುದು ಕಾಣಬೇಕು. ಮಗುವಿನ ಬಟ್ಟಲಿಗೆ ನಾಲ್ಕೈದು ಕಾಳು ಮಾತ್ರ ಹಾಕಿ. ತಿಂದು ಮುಗಿದ ಮೇಲೆ ಡಬ್ಬಿಯನ್ನು ನಿಮ್ಮ ಮುಖದ ಹತ್ತಿರ ಹಿಡಿಯಿರಿ, ಹುಬ್ಬು ಮೇಲೆತ್ತಿ, ಬಾಯಿ ಮುಚ್ಚಿ. ಮನಸ್ಸಿನಲ್ಲೇ ನಿಧಾನಕ್ಕೆ ಐದರ ತನಕ ಎಣಿಸಿ. ಮಗು ಏನು ಮಾಡಿದರೂ ಲೆಕ್ಕಕ್ಕೆ ಬರುತ್ತದೆ: ನಿಮ್ಮ ಕಡೆ ಒಂದು ನೋಟ, ಚಾಚಿದ ಕೈ, "ಆ" ಎಂಬ ಸದ್ದು, ನಿಮ್ಮ ಕೈ ಹಿಡಿದು ಡಬ್ಬಿಯ ಕಡೆ ತಳ್ಳುವುದು. ಕೂಡಲೇ "ಚುರುಮುರಿ!" ಎಂದು ಹೇಳಿ ಹಾಕಿ. ಐದಾದರೂ ಏನೂ ಬರದಿದ್ದರೆ ಅಂಗೈ ಚಾಚಿ ನೀವೇ ಸನ್ನೆ ಮಾಡಿ ತೋರಿಸಿ, "ಕೊಡು" ಎನ್ನಿ, ಆಮೇಲೆ ಕೊಟ್ಟುಬಿಡಿ. ಇದು ಸಂಜೆಯ ತಿನಿಸಿನ ಆಟ. ಹಸಿದ ಮಗುವಿನ ರೊಟ್ಟಿ-ಪಲ್ಯ ಎತ್ತಿಟ್ಟುಕೊಂಡು ಆಡಿಸುವುದಲ್ಲ. ಇನ್ನೂ ಅಗಿದು ನುಂಗಲು ಕಷ್ಟಪಡುವ ಮಗುವಿಗೆ ಚುರುಮುರಿ, ಶೇಂಗಾ ಬೇಡ, ಬಾಳೆಹಣ್ಣಿನ ತುಂಡು ಆಗುತ್ತದೆ.

ಐದು ಸೆಕೆಂಡ್ ಅಪ್ಪಂದಿರಿಗೆ ಐದು ನಿಮಿಷದಂತೆ ಆಗುತ್ತದೆ. ಎರಡಕ್ಕೇ ಬಾಯಿ ಬಿಡುತ್ತಾರೆ. ಕೆಡುವುದು ಹೆಚ್ಚಾಗಿ ಮೂರು ಬಗೆಯಲ್ಲಿ. ಒಂದು, "ಕೊಡು ಅನ್ನು, ಕೊಡು ಅನ್ನು" ಎಂದು ಹೇಳುತ್ತಲೇ ಇರುವುದು; ಮಗು ‘ಅಪ್ಪ ಹೇಳಿದ ಮೇಲೆ ಹೇಳಬೇಕು’ ಎಂಬುದನ್ನಷ್ಟೇ ಕಲಿಯುತ್ತದೆ, ತಾನಾಗಿ ಕೇಳುವುದನ್ನಲ್ಲ. ಇನ್ನೊಂದು, ನೋಟಕ್ಕೇ ಕಷ್ಟಪಡುವ ಮಗುವಿನಿಂದ ಪೂರ್ತಿ ಶಬ್ದ ಬೇಡುವುದು. ಮಗು ನಿಂತಿರುವ ಮೆಟ್ಟಿಲಿನಿಂದ ಒಂದೇ ಮೆಟ್ಟಿಲು ಮೇಲೆ ಕೇಳಬೇಕು. ಮೂರನೆಯದು ನಮ್ಮ ಮನೆಗಳದ್ದೇ ವಿಶೇಷ: ಅಪ್ಪ ಎಣಿಸುತ್ತಿರುವಾಗ ನಾಲ್ಕನೇ ಸೆಕೆಂಡಿಗೆ ಅಜ್ಜಿ ಒಳಗಿನಿಂದ ಬಂದು "ಕೂಸಿಗೆ ಯಾಕ ಕಾಡಸ್ತೀಯೋ" ಎಂದು ಡಬ್ಬಿ ತೆರೆದು ಕೊಡುವುದು. ಅಜ್ಜಿಗೆ ಮೊದಲೇ ಹೇಳಿ. ಅದಕ್ಕಿಂತ ಒಳ್ಳೆಯದು, ಎಣಿಸುವ ಕೆಲಸವನ್ನು ಅಜ್ಜಿಗೇ ಕೊಡಿ. ಬೆರಳು ಮಡಚುತ್ತ ಎಣಿಸಲಿ, ಐದಕ್ಕೆ ತಲೆ ಆಡಿಸಲಿ.

ದಿನಕ್ಕೆ ಎಷ್ಟು ಹೊತ್ತು? ಹದಿನೈದು ನಿಮಿಷದ ಆಟ ಒಂದು ಸಲ, ಅಥವಾ ಐದೈದು ನಿಮಿಷ ಮೂರು ಸಲ. ಭಾನುವಾರ ಎರಡು ತಾಸು ಕೂತು ವಾರಪೂರ್ತಿ ಬಿಡುವುದರಿಂದ ಏನೂ ಆಗುವುದಿಲ್ಲ.

ಆಟದ ಜೊತೆಗೆ ಮನೆಯ ದಿನಚರಿಯೊಳಗೇ ಕಲಿಸುವುದನ್ನು ಮೂರನೇ ತರಗತಿ ಹೇಳುತ್ತದೆ. ಈ ತರಬೇತಿಯ ಗಟ್ಟಿ ಭಾಗ ಇದೇ. ಬೇರೆ ಟೇಬಲ್, ಬೇರೆ ಕಾರ್ಡು, ಬೇರೆ ಸಮಯ ಬೇಕಿಲ್ಲ. ಸ್ನಾನ, ಊಟ, ಚಪ್ಪಲಿ ಹಾಕುವುದು, ಹಾಸಿಗೆ ಹಾಸುವುದು ಸಾಕು. ತಂದೆಗೆ ಒಂದೇ ಒಂದು ದಿನಚರಿಯನ್ನು ಪೂರ್ತಿ ಬಿಟ್ಟುಕೊಡಬೇಕು, ಅದು ದಿನಾ ನಡೆಯುವಂಥದ್ದಾಗಿರಬೇಕು. ಇಲ್ಲೊಂದು ಸ್ಥಳೀಯ ತೊಡಕು. ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ಅಪ್ಪ ಮನೆಗೆಲಸಕ್ಕೆ ಕೈಹಾಕುವುದು ನಳ ಬಂದಾಗ, ಕೊಡ-ಬ್ಯಾರಲ್ ತುಂಬಿಸಲು. ಮಗುವಿಗೂ ನೀರೆಂದರೆ ಇಷ್ಟ. ಆದರೆ ನಳ ದಿನಾ ಬರುವುದಿಲ್ಲ, ಹೇಳಿದ ಹೊತ್ತಿಗೂ ಬರುವುದಿಲ್ಲ. ಬಂದ ದಿನ ಮೋಟಾರಿನ ಗದ್ದಲ, ಎಲ್ಲರಿಗೂ ಅವಸರ. ಅದು ಕಲಿಸುವ ಹೊತ್ತಲ್ಲ. ಅದರ ಬದಲು ರಾತ್ರಿ ಊಟಕ್ಕೆ ಮುಂಚೆ ಕೈತೊಳೆಯುವುದು ಅಪ್ಪನ ಪಾಲಿಗೆ ಇರಲಿ.

ಕೈತೊಳೆಯುವುದನ್ನು ಎಂಟನೇ ತರಗತಿಯ ಲೆಕ್ಕದಲ್ಲಿ ಬಿಡಿಸಿದರೆ ಏಳು ಹೆಜ್ಜೆ: ನಲ್ಲಿ ತಿರುಗಿಸು, ಕೈ ಒದ್ದೆ ಮಾಡು, ಸಾಬೂನು ಹಿಡಿ, ಉಜ್ಜು, ತೊಳೆ, ನಲ್ಲಿ ಮುಚ್ಚು, ಒರೆಸು. ಎಲ್ಲವನ್ನೂ ಒಟ್ಟಿಗೆ ಕಲಿಸಬೇಡಿ. ಆರು ಹೆಜ್ಜೆಗೆ ನೀವು ಕೈಹಿಡಿದು ಮಾಡಿಸಿ, ಕೊನೆಯ ‘ಒರೆಸು’ ಒಂದನ್ನು ಮಗುವಿಗೆ ಬಿಡಿ. ಕೆಲಸ ಮುಗಿಯುವ ಘಳಿಗೆ ಅವನ ಕೈಯಲ್ಲಿ ಆಗಬೇಕು. ಅದು ಗಟ್ಟಿಯಾದ ಮೇಲೆ ‘ನಲ್ಲಿ ಮುಚ್ಚು’, ಹೀಗೆ ಹಿಂದಿನಿಂದ ಮುಂದಕ್ಕೆ. ನೆರವಿನಲ್ಲೂ ಮೆಟ್ಟಿಲುಗಳಿವೆ: ಕೈ ಮೇಲೆ ಕೈ ಇಟ್ಟು ಮಾಡಿಸುವುದು, ಮೊಣಕೈ ತುಸು ತಳ್ಳುವುದು, ಬೆರಳು ತೋರಿಸುವುದು, ಬರೀ ಕಾಯುವುದು. ಮಗುವಿನ ಹಿಂದೆ ನಿಂತು, ಬಾಯಿ ಮುಚ್ಚಿ ಕೈ ನಡೆಸಬೇಕು. "ಸಾಬಾಣ ತಗೋ, ತಿಕ್ಕು, ಇನ್ನೂ ತಿಕ್ಕು" ಎಂದು ಬಾಯಲ್ಲಿ ಹೇಳಿ ಕಲಿಸಿದ್ದನ್ನು ಬಿಡಿಸುವುದು ಬಲು ಕಷ್ಟ. ಹಾಗೆ ಕಲಿತ ಹುಡುಗ ಶಾಲೆಯಲ್ಲಿ ನಲ್ಲಿಯ ಮುಂದೆ ನಿಂತು ಯಾರಾದರೂ ಹೇಳಲಿ ಎಂದು ಕಾಯುತ್ತಾನೆ. ಸಾಬೂನು ಪೂರ್ತಿ ಬಿಲ್ಲೆ ಬೇಡ, ಜಾರುತ್ತದೆ, ಜಾರಿದರೆ ಅವನು ಅದರ ಹಿಂದೆ ಹೋಗುತ್ತಾನೆ. ಅರ್ಧ ಬಿಲ್ಲೆ ಇಡಿ.

ಹೊಗಳಿಕೆಯಲ್ಲಿ ನಮ್ಮ ಕಡೆಯ ಅಪ್ಪಂದಿರು ಜಿಪುಣರು. ತರಬೇತಿ ಹೇಳುವುದು ಏನು ಮಾಡಿದನೋ ಅದನ್ನೇ ಹೆಸರಿಸಿ ಹೊಗಳಬೇಕೆಂದು. "ಗುಡ್ ಜಾಬ್" ಎಂಬುದನ್ನು ಕನ್ನಡಕ್ಕೆ ಎಳೆದು ತರುವ ಅಗತ್ಯವಿಲ್ಲ. "ಶಾಬಾಸ್, ನಳ ಮುಚ್ಚಿದಿ!" ಸಾಕು.

ಆರು ಮತ್ತು ಏಳನೇ ತರಗತಿಗಳು ಹಟ, ಕೂಗಾಟ, ಹೊಡೆತಗಳ ಬಗ್ಗೆ. ಮಗು ಬೇಕೆಂದು ಕಾಡುವುದಲ್ಲ, ಆ ನಡತೆಯೇ ಅದರ ಮಾತು ಎಂಬ ನಿಲುವಿನಿಂದ ಶುರುವಾಗುತ್ತವೆ. ಒಂದು ವಾರ ಬರೆದಿಡಬೇಕು: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಮನೆಯವರು ಏನು ಮಾಡಿದರು. ಮೂರು ಕಾಲಂ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂಬದಿಯಾದರೂ ನಡೆಯುತ್ತದೆ. ಏಳೆಂಟು ಸಲ ಬರೆದ ಮೇಲೆ ಕಾರಣ ಕಾಣತೊಡಗುತ್ತದೆ: ವಸ್ತು ಬೇಕು, ಯಾರಾದರೂ ನೋಡಬೇಕು, ಇಲ್ಲಿಂದ ತಪ್ಪಿಸಿಕೊಳ್ಳಬೇಕು, ಅಥವಾ ದೇಹಕ್ಕೆ ಸದ್ದು-ಬೆಳಕು ತಡೆಯುತ್ತಿಲ್ಲ. ಸಂಜೆ ಆರಕ್ಕೆ ಹುಬ್ಬಳ್ಳಿಯ ದುರ್ಗದಬೈಲ್ ಮಾರುಕಟ್ಟೆಯಲ್ಲಿ ನೆಲಕ್ಕೆ ಬಿದ್ದು ಒದ್ದಾಡುವ ಹುಡುಗನಿಗೆ ಐಸ್‌ಕ್ರೀಂ ಬೇಕಾಗಿದೆಯೋ, ಹಾರ್ನ್ ಸಾಕಾಗಿದೆಯೋ ಎಂಬುದರ ಮೇಲೆ ಉತ್ತರ ನಿಂತಿದೆ. ಹಾರ್ನ್ ಎಂದಾದರೆ ಬೈದು ಪ್ರಯೋಜನವಿಲ್ಲ. ಗದ್ದಲವಿಲ್ಲದ ಬೆಳಗ್ಗೆ ಹತ್ತಕ್ಕೆ ಐದೇ ನಿಮಿಷಕ್ಕೆ ಕರೆದೊಯ್ಯಿರಿ, ಅಳು ಶುರುವಾಗುವ ಮುನ್ನವೇ ಹೊರಡಿ. ‘ಸಾಕು’ ಎಂಬುದಕ್ಕೆ ಒಂದು ಸನ್ನೆ ಕಲಿಸಿ, ಅದನ್ನು ಮಾಡಿದ ಕೂಡಲೇ ಹೊರಗೆ ಬನ್ನಿ. ಸನ್ನೆಗೆ ಬೆಲೆ ಬಂದರೆ ಮಾತ್ರ ಕೂಗಾಟ ಇಳಿಯುತ್ತದೆ.

ಮೊಬೈಲಿಗೆ ಅಳುವುದಾದರೆ ಇನ್ನೊಂದು ಎಚ್ಚರಿಕೆ. ಅತ್ತರೂ ಕೊಡುವುದಿಲ್ಲ ಎಂದು ನಿಂತ ಮೊದಲ ಕೆಲವು ದಿನ ಅಳು ಇನ್ನೂ ಜೋರಾಗುತ್ತದೆ. ಇದು ಕೆಟ್ಟದ್ದಲ್ಲ, ಹಾಗೇ ಆಗುವುದು. ಆದರೆ ನಾಲ್ಕನೇ ದಿನ ಅಜ್ಜ ಮರುಗಿ ಕೊಟ್ಟುಬಿಟ್ಟರೆ ಮಗು ಕಲಿಯುವುದು ‘ಇಷ್ಟು ಹೊತ್ತು ಇಷ್ಟು ಜೋರಾಗಿ ಅತ್ತರೆ ಸಿಗುತ್ತದೆ’ ಎಂಬುದನ್ನು. ಎಲ್ಲರೂ ಒಪ್ಪುವ ತನಕ ಶುರುವೇ ಮಾಡದಿರುವುದು ಒಳ್ಳೆಯದು. ತಲೆ ಚಚ್ಚಿಕೊಳ್ಳುವ, ತನ್ನನ್ನು ತಾನು ಗಾಯ ಮಾಡಿಕೊಳ್ಳುವ ಮಗುವಿನಲ್ಲಿ ಇದನ್ನು ಮನೆಯವರೇ ಪ್ರಯೋಗಿಸಬಾರದು, ಡಾಕ್ಟರ ಮುಂದೆ ಹೋಗಬೇಕು. ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದ್ದರೂ ಮಾತು ಬಾರದ ಮಗು ಹೀಗೇ ಮಾಡುತ್ತದೆ.

ಇನ್ನೊಂದು ಸಂಗತಿ ಪುಸ್ತಿಕೆಗೆ ಗೊತ್ತಿಲ್ಲ, ನಮ್ಮ ಮನೆಗಳಿಗೆ ಗೊತ್ತು. ಹಗಲೆಲ್ಲ "ತಡಿ, ನಿಮ್ಮಪ್ಪ ಬರ್ಲಿ" ಎಂದು ಅಪ್ಪನನ್ನು ಗುಮ್ಮನ ಹಾಗೆ ತೋರಿಸಿ, ಸಂಜೆ ಅದೇ ಅಪ್ಪ ಚುರುಮುರಿ ಡಬ್ಬಿ ಹಿಡಿದು ಕೂತರೆ ಮಗು ಹತ್ತಿರ ಬರುವುದಿಲ್ಲ. ತರಬೇತಿ ಶುರುವಾಗುವ ದಿನವೇ ಈ ಮಾತು ಮನೆಯಲ್ಲಿ ಬಂದ್ ಆಗಬೇಕು.

ಈಗ ಕೊರತೆಗಳು. ದೊಡ್ಡದು ಸಮಯ. ಒಂಬತ್ತು ಗುಂಪು ತರಗತಿಗೆ ವಾರಕ್ಕೊಂದು ಎಂದರೂ ಎರಡು ತಿಂಗಳ ಮೇಲೆ, ಅದೂ ಆಸ್ಪತ್ರೆಯ ಇಲ್ಲವೇ ಶಾಲೆಯ ಹೊತ್ತಿನಲ್ಲಿ. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿಗೆ ಹೋಗುವವರು, ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂರುವವರು, ಅಂಗಡಿ ಇಟ್ಟವರು ಮಂಗಳವಾರ ಹನ್ನೊಂದಕ್ಕೆ ಬರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯನ್ನು ನಂಬಿದವರಿಗೆ ಸೋಮವಾರ, ಗುರುವಾರ ಮುಟ್ಟುವ ಹಾಗೇ ಇಲ್ಲ. ನಡೆಸುವವರು ಭಾನುವಾರ ಬೆಳಗ್ಗೆ ಇಡಬೇಕು. ಅದಾಗದಿದ್ದರೆ ಮೂರು ಮನೆ ಭೇಟಿಗಳನ್ನಾದರೂ ಅಪ್ಪ ಇರುವ ಹೊತ್ತಿಗೇ ಗೊತ್ತುಮಾಡಬೇಕು. ಮೊದಲ ಭೇಟಿಯಲ್ಲಿ ಅಪ್ಪ ಇಲ್ಲದಿದ್ದರೆ ಗುರಿಗಳೆಲ್ಲ ಅವ್ವನ ದಿನಚರಿಯ ಸುತ್ತ ನಿಗದಿಯಾಗುತ್ತವೆ, ಅಪ್ಪ ಕೊನೆಯ ತನಕ ನೋಡುಗನೇ.

ಗುಂಪಿನಲ್ಲಿ ಅಭಿನಯ ಮಾಡಿಸುತ್ತಾರೆ: ಒಬ್ಬರು ಮಗು, ಒಬ್ಬರು ಪಾಲಕ. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಹನ್ನೆರಡು ಅವ್ವಂದಿರ ನಡುವೆ ಒಬ್ಬನೇ ಅಪ್ಪನಿದ್ದರೆ ಅವನು ಗೋಡೆಗೆ ಒರಗಿ ಫೋನ್ ನೋಡುತ್ತಾನೆ. ಮೂರು-ನಾಲ್ಕು ಅಪ್ಪಂದಿರನ್ನು ಒಟ್ಟಿಗೆ ಸೇರಿಸಿದರೆ ಪರಿಸ್ಥಿತಿ ಬೇರೆ.

ನಿದ್ದೆ, ಆಯ್ದು ತಿನ್ನುವುದು, ಶೌಚದ ಅಭ್ಯಾಸ ಇವಕ್ಕೆ ಪ್ರತ್ಯೇಕ ತರಗತಿ ಇಲ್ಲ; ಬರೀ ಅನ್ನ-ಮೊಸರು ಬಿಟ್ಟು ಏನೂ ಮುಟ್ಟದ ಮಗುವಿನ ಅಪ್ಪನಿಗೆ ನಿರಾಸೆಯಾಗುತ್ತದೆ. ಒಂಬತ್ತು ವರ್ಷ ದಾಟಿದ ಮಕ್ಕಳಿಗೆ, ಅದರಲ್ಲೂ ಹರೆಯಕ್ಕೆ ಕಾಲಿಟ್ಟವರಿಗೆ, ಇದನ್ನು ಎಳೆದು ಹೊಂದಿಸುವುದು ಸರಿಯಲ್ಲ. ಇನ್ನೊಂದು ಕಡೆ, ಪಾಲಕರ ಆಯಾಸ, ಬೇಸರಗಳ ಬಗ್ಗೆ ಕೊನೆಯ ತರಗತಿಯಲ್ಲೂ ನಡುನಡುವೆಯೂ ಜಾಗ ಕೊಟ್ಟಿರುವುದು ಮೆಚ್ಚಬೇಕಾದದ್ದು. ಅಪ್ಪಂದಿರು ಇದನ್ನು ಹಾರಿಸಿಬಿಡುತ್ತಾರೆ, ಹಾರಿಸಲು ಬಿಡಬೇಡಿ.

ಬರೀ ಆನ್‌ಲೈನ್ ಪಾಠ ನೋಡಿದರೆ ಸಾಕೇ ಎಂದರೆ, ಅರ್ಧ ಸಾಕು. ಏನು ಮಾಡಬೇಕೆಂದು ತಿಳಿಯುತ್ತದೆ, ತಾನು ಎರಡನೇ ಸೆಕೆಂಡಿಗೆ ಬಾಯಿ ಬಿಡುತ್ತಿದ್ದೇನೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಎಲ್ಡರ್ ಅವರ ವಿಡಿಯೊ ಪದ್ಧತಿಯನ್ನು ಮನೆಮಟ್ಟಕ್ಕೆ ಇಳಿಸಿಕೊಳ್ಳಿ. ವಾರಕ್ಕೊಮ್ಮೆ, ಪ್ರತಿ ಸಲ ಅದೇ ದಿನ, ಅದೇ ಹೊತ್ತು, ಐದೇ ನಿಮಿಷ. ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿ ದೂರಕ್ಕೆ ಇಡಿ. ಅವ್ವ ಹಿಡಿದು ನಿಂತರೆ ಮಗು ಫೋನಿಗೇ ಬರುತ್ತದೆ. ಆಮೇಲೆ ಇಬ್ಬರೂ ಕೂತು ನೋಡಿ, ಎರಡೇ ಗೆರೆ ಎಳೆಯಿರಿ: ಅಪ್ಪ ಕೇಳಿದ ಪ್ರಶ್ನೆಗಳು ಎಷ್ಟು, ಮಗು ತಾನಾಗಿ ನೋಡಿದ್ದು-ಚಾಚಿದ್ದು-ಸದ್ದು ಮಾಡಿದ್ದು ಎಷ್ಟು. ಮೊದಲನೆಯದು ಇಳಿಯುತ್ತ ಎರಡನೆಯದು ಏರುತ್ತ ಹೋಗಬೇಕು. ನಾಲ್ಕು ವಾರಕ್ಕೂ ಅಲುಗಾಡದಿದ್ದರೆ ಆರಿಸಿದ ಆಟ ಮಗುವಿಗೆ ಇಷ್ಟದ್ದಲ್ಲ, ಅಥವಾ ಕೇಳುತ್ತಿರುವ ಮೆಟ್ಟಿಲು ತೀರಾ ಮೇಲಿದೆ.

ತರಬೇತಿಯು ತಪಾಸಣೆಗೆ ಬದಲಿಯಲ್ಲ. ಮಾತು ತಡವಾದ ಯಾವ ಮಗುವಿಗೂ ಮೊದಲು ಕಿವಿ ಪರೀಕ್ಷೆ ಆಗಬೇಕು. "ಅವರಪ್ಪನೂ ತಡಾನ ಮಾತಾಡಿದ್ದ" ಎಂದು ಕಾಯುವುದು ಬೇಡ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದವು; ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ವ್ಯವಸ್ಥೆಯಿದೆ, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಬಹುದು; ಮಾತಿಗೆಂದರೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಒಂದು. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಐಎಸ್‌ಎಎ (ಆಟಿಸಂ ಅಳೆಯುವ ಭಾರತೀಯ ಮಾಪನ) ಅಳತೆಯಲ್ಲಿ 40 ಅಂಶಗಳಿವೆ, 70ರಿಂದ ಮೇಲೆ ಬಂದರೆ ಆಟಿಸಂ ಎಂದು ಪರಿಗಣಿಸುತ್ತಾರೆ. ಪ್ರಶ್ನೆಗಳು ಮನೆಯ ನಡತೆಯ ಬಗ್ಗೆಯೂ ಇರುವುದರಿಂದ ಅಪ್ಪ ಜೊತೆಗಿದ್ದರೆ ಉತ್ತರ ಪೂರ್ತಿಯಾಗುತ್ತದೆ. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡು ಆದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ನೋಡಿ, ಮಿತಿ 1 ಲಕ್ಷ ರೂಪಾಯಿ.

ದುಡ್ಡು ಕೊಟ್ಟು ಮನೆಗೆ ಕರೆಸುವ ತರಬೇತುದಾರರೂ ಅವಳಿ ನಗರದಲ್ಲಿ ಸಿಗುತ್ತಾರೆ. ಕೇಳಬೇಕಾದದ್ದು ಮೊದಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ. ಆಮೇಲೆ ನೋಡಬೇಕಾದದ್ದು ಅವರು ಎಲ್ಲಿ ಕೂರುತ್ತಾರೆ ಎಂಬುದು. ಮಗುವನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡು, ಮುಕ್ಕಾಲು ತಾಸಿನ ನಂತರ "ಇವತ್ತ ಚಲೋ ಮಾಡಿದ" ಎಂದು ಹೊರಡುವವರು ಏನು ಕಲಿಸಿದರೂ ಮಗುವಿಗೆ, ಅಪ್ಪನಿಗಲ್ಲ. ಅಪ್ಪನನ್ನು ನೆಲಕ್ಕೆ ಕೂರಿಸಿ, ತಾವು ಪಕ್ಕಕ್ಕೆ ಸರಿದು, ನಡುನಡುವೆ "ಈಗ ಬ್ಯಾಡ್ರಿ, ಕಾಯ್ರಿ" ಎನ್ನುವವರನ್ನು ಇಟ್ಟುಕೊಳ್ಳಿ. ಆರು ತಿಂಗಳಲ್ಲಿ ಪೂರ್ತಿ ವಾಸಿ ಎನ್ನುವವರನ್ನು ಬಾಗಿಲಲ್ಲೇ ಬಿಡಿ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರನ್ನೂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆಟಿಸಂಗೆ ಅದನ್ನು ಶಿಫಾರಸು ಮಾಡಿಲ್ಲ.

ಮೂರನೇ ಮನೆ ಭೇಟಿಗೆ ಮುನ್ನ ಮೊದಲ ವಾರದ ಐದು ನಿಮಿಷದ ವಿಡಿಯೊವನ್ನು ಬೇರೆ ಕಡೆ ಉಳಿಸಿಡಿ. ಫೋನ್ ತುಂಬಿದಾಗ ಅಪ್ಪಂದಿರು ಮೊದಲು ಅಳಿಸುವುದು ಅದನ್ನೇ, ಅದರಲ್ಲಿ ತಾವು ಒದರುತ್ತಿರುವುದು ಕೇಳಿಸುತ್ತದೆ ಎಂದು.